ಹಳಿ ಬಂದ್ರೆ ಸಾಲ್ದು, ಟೈಮಿಗೆ ರೈಲು ಬರ್ಬೇಕು

ಹೋದ ಸಂಚಿಕೇಲಿ ಪ್ಯಾಸೆಂಜರ್ ರೈಲುಗಳ ಬಗ್ಗೆ ನಾಕು ಸಾಲು ಬರೆದಿದ್ದೆ ಅಷ್ಟೇ, ಅದಕ್ಕೆ ಇಷ್ಟು ಪತ್ರ ಬರ್ತವೆ ಅಂದ್ಕೊಂಡಿರ್ಲಿಲ್ಲ. ಹೆಚ್ಚುಕಮ್ಮಿ ಎಲ್ಲಾರ ಪ್ರಶ್ನೆನೂ ಒಂದೇ ಕಡೆ ತಿರುಗುತ್ತೆ: ನಮ್ಮೂರಲ್ಲಿ ಹಿಂದೆ ರೈಲಿತ್ತು, ನಿಂತೋಯ್ತು, ಮತ್ತೆ ಬರ್ಬೇಕು, ಇಲ್ಲಾ ಮತ್ತೆ ಬಂತು ಆದ್ರೆ ಯಾಕೋ ಸರಿಹೋಗ್ಲಿಲ್ಲ ಅಂತ. ಅದಕ್ಕೇ ಈ ಸಲ ಪೂರ್ತಿ ಜಾಗ ಅದಕ್ಕೇ ಕೊಟ್ಟಿದೀನಿ.

ಪ್ರಶ್ನೆ: ಸರ್, ನಮ್ಮ ಚಿಂತಾಮಣಿ ಕಡೆ ಮೊದ್ಲು ನ್ಯಾರೋಗೇಜ್ ಚಿಕ್ಕ ರೈಲಿತ್ತು ಅಂತ ನಮ್ಮ ತಾತ ಹೇಳೋರು. ಅದು ನಿಂತು, ಬ್ರಾಡ್‌ಗೇಜ್ ಅಂದ್ರೆ ಅಗಲದ ಹಳಿ ಹಾಕಿ, ಮತ್ತೆ ರೈಲು ಬಂದಾಗ ಊರೆಲ್ಲ ಸ್ಟೇಷನ್‌ಗೆ ಹೋಗಿ ಪೂಜೆ ಮಾಡಿ ಸಿಹಿ ಹಂಚಿದ್ವಿ. ಈಗ ನೋಡಿದ್ರೆ ನಮ್ಮ ಮನೇಲೇ ಯಾರೂ ರೈಲಲ್ಲಿ ಹೋಗಲ್ಲ, ಎಲ್ಲಾ ಬಸ್ಸೇ. ತಪ್ಪು ನಮ್ಮದಾ ರೈಲಿಂದಾ?
(ಚಿಂತಾಮಣಿಯ ಓದುಗರೊಬ್ಬರು)

ಉತ್ತರ: ತಪ್ಪು ನಿಮ್ಮದಲ್ಲ. ಇದನ್ನ ಮೊದ್ಲೇ ಹೇಳ್ಬಿಡ್ತೀನಿ, ಯಾಕಂದ್ರೆ "ಜನ ಹತ್ತಲ್ಲ, ಅದಕ್ಕೇ ರೈಲು ಬಿಡಲ್ಲ" ಅನ್ನೋ ಮಾತು ಕೇಳಿ ಕೇಳಿ ನಾವೇ ಅದನ್ನ ನಂಬೋಕೆ ಶುರು ಮಾಡಿದೀವಿ.

ನಿಮ್ಮ ಲೈನಿನ ಕಥೆ ಸ್ವಲ್ಪ ಹೇಳ್ತೀನಿ. 1913ರಲ್ಲಿ ಬೌರಿಂಗ್‌ಪೇಟೆಯಿಂದ, ಅಂದ್ರೆ ಈಗಿನ ಬಂಗಾರಪೇಟೆಯಿಂದ, ಕೋಲಾರಕ್ಕೆ ಚಿಕ್ಕ ರೈಲು ಬಂತು. ಹಳಿ ಹಳಿ ಮಧ್ಯ ಬರೀ 762 ಮಿಲಿಮೀಟರ್, ಎರಡೂವರೆ ಅಡಿ. ಮುಂದಿನ ಕೆಲವೇ ವರ್ಷದಲ್ಲಿ ಅದು ಶ್ರೀನಿವಾಸಪುರ, ಚಿಂತಾಮಣಿ, ಶಿಡ್ಲಘಟ್ಟ, ಚಿಕ್ಕಬಳ್ಳಾಪುರ, ದೇವನಹಳ್ಳಿ ಅಂತ ಸುತ್ಕೊಂಡು ಯಲಹಂಕ ಕಡೆ ಹೋಗಿ ಸೇರ್ತು. ನಾನೂ ಚಿಕ್ಕವನಿದ್ದಾಗ ಅದರಲ್ಲಿ ಕೂತಿದೀನಿ, ಡಬ್ಬಿ ಎಷ್ಟು ಇಕ್ಕಟ್ಟು ಅಂದ್ರೆ ಎದುರಿಗೆ ಕೂತೋರ ಮೊಣಕಾಲು ನಮ್ಮ ಮೊಣಕಾಲಿಗೆ ತಾಕ್ತಿತ್ತು, ನಮ್ಮಜ್ಜಿ ತೊಡೆ ಮೇಲೆ ಅವರೇಕಾಯಿ ಚೀಲ ಇಟ್ಕೊಂಡು ಪಕ್ಕದೋರಿಗೆಲ್ಲ "ಸ್ವಲ್ಪ ಸರ್ಕೊಳಮ್ಮ" ಅಂತ ಹೇಳ್ತಾನೇ ಇರೋರು, ಊರು ಬರೋ ಹೊತ್ತಿಗೆ ಆ ಪಕ್ಕದೋರೂ ಸೇರಿ ಅರ್ಧ ಚೀಲ ಕಾಯಿ ಸುಲಿದಾಗಿರೋದು. ಆ ರೈಲು ಬಲು ನಿಧಾನ, ಆದ್ರೆ ಆವಾಗ ಬಸ್ಸು ಕಮ್ಮಿ, ರಸ್ತೇನೂ ಹಂಗೇ ಇತ್ತು, ಹಾಗಾಗಿ ನಡೀತಿತ್ತು.

ಆಮೇಲೆ ಆ ಕಡೆ ಯಲಹಂಕದಿಂದ ಚಿಕ್ಕಬಳ್ಳಾಪುರಕ್ಕೆ, ಈ ಕಡೆ ಬಂಗಾರಪೇಟೆಯಿಂದ ಕೋಲಾರಕ್ಕೆ ಬ್ರಾಡ್‌ಗೇಜ್ ಆಯ್ತು. ಮಧ್ಯದ ಕೋಲಾರ–ಚಿಕ್ಕಬಳ್ಳಾಪುರ ತುಂಡು ಮಾತ್ರ ವರ್ಷಾನುಗಟ್ಟಲೆ ರೈಲಿಲ್ಲದೆ ಬಿತ್ತು. ಅದು ಬ್ರಾಡ್‌ಗೇಜ್ ಆಗಿ ರೈಲು ಓಡಿದ್ದು 2013ರ ನವೆಂಬರಲ್ಲಿ. ನೀವು ಸಿಹಿ ಹಂಚಿದ್ದು ಅವತ್ತೇ ಇರ್ಬೇಕು.

ಈಗ ನಿಮ್ಮ ಪ್ರಶ್ನೆಗೆ ಬರ್ತೀನಿ. ಹಳೇ ಚಿಕ್ಕ ರೈಲು ಹಾಕಿದೋರು ಖರ್ಚು ಉಳಿಸೋಕೆ ಗುಡ್ಡ ಕಡೀದೆ, ಕೆರೆ ಏರಿ ಬಳಸಿಕೊಂಡು, ನೆಲ ಹೆಂಗಿತ್ತೋ ಹಂಗೆ ಬಾಗ್ಸಿ ಬಾಗ್ಸಿ ಲೈನ್ ಎಳೆದಿದ್ರು. ಊರುಗಳನ್ನ ಒಂದಕ್ಕೊಂದು ಪೋಣಿಸೋದು ಅದರ ಉದ್ದೇಶ, ಬೆಂಗಳೂರಿಗೆ ನೆಟ್ಟಗೆ ಹೋಗೋದಲ್ಲ. ಗೇಜ್ ಬದಲಾದ್ರೂ ಆ ಸುತ್ತು ಹಂಗೇ ಉಳೀತು. ಚಿಂತಾಮಣಿಯಿಂದ ಬೆಂಗಳೂರಿಗೆ ರಸ್ತೇಲಿ ಹೊಸಕೋಟೆ ಮೇಲೆ ನೇರ ಹೋಗ್ಬಹುದು, ರೈಲಲ್ಲಿ ಹೋಗ್ಬೇಕಂದ್ರೆ ಒಂದು ಕಡೆ ಶಿಡ್ಲಘಟ್ಟ, ಚಿಕ್ಕಬಳ್ಳಾಪುರ ಸುತ್ಬೇಕು, ಇಲ್ಲಾ ಇನ್ನೊಂದು ಕಡೆ ಕೋಲಾರ, ಬಂಗಾರಪೇಟೆ ಸುತ್ಬೇಕು. ಸುತ್ತು ಇದ್ರೂ ಜನ ಹತ್ತುತಾರೆ ರೀ, ಆದ್ರೆ ಬೆಳಿಗ್ಗೆ ಕೆಲ್ಸಕ್ಕೆ, ಕಾಲೇಜಿಗೆ ಹೊಂದೋ ಟೈಮಿಗೆ ಒಂದು ಗಾಡಿ, ಸಾಯಂಕಾಲ ವಾಪಸ್ ಬರೋಕೆ ಇನ್ನೊಂದು, ಅದೂ ತಪ್ಪದೇ ದಿನಾ, ಇಷ್ಟು ಇರ್ಬೇಕು. ದಿನಕ್ಕೆ ಬೆರಳೆಣಿಕೆ ಗಾಡಿ, ಅದೂ ಯಾರಿಗೂ ಆಗದ ಹೊತ್ತಲ್ಲಿ ಬಂದ್ರೆ ಯಾರು ಕಾಯ್ತಾರೆ. ಬಸ್ ಸ್ಟ್ಯಾಂಡಲ್ಲಿ ಒಂದು ತಪ್ಪಿದ್ರೆ ಹತ್ತು ನಿಮಿಷಕ್ಕೆ ಇನ್ನೊಂದು ಸಿಗುತ್ತೆ.

ಶಿಡ್ಲಘಟ್ಟದ ರೇಷ್ಮೆಗೂಡು ಮಾರ್ಕೆಟ್ಟನ್ನೇ ತಗೊಳ್ಳಿ. ಹುಳ ಗೂಡು ಕಟ್ಟೋ ತಟ್ಟೆ, ಅಂದ್ರೆ ಚಂದ್ರಿಕೆಯಿಂದ ಗೂಡು ಬಿಡಿಸಿದ ಮೇಲೆ ಮನೇಲಿ ಇಟ್ಕೊಂಡು ಕೂರೋ ಹಾಗಿಲ್ಲ, ಒಳಗಿನ ಹುಳ ಚಿಟ್ಟೆಯಾಗಿ ಗೂಡು ತೂತು ಮಾಡ್ಕೊಂಡು ಆಚೆ ಬಂದ್ರೆ ಆ ಗೂಡಿಂದ ನೂಲು ತೆಗೆಯೋಕಾಗಲ್ಲ. ರೈತ ಬೆಳಿಗ್ಗೆ ಹರಾಜಿಗೆ ಮುಂಚೆನೇ ಅಲ್ಲಿರ್ಬೇಕು. ಹರಾಜು ಮುಗಿದ ಮೇಲೆ ಬರೋ ರೈಲು ಎಷ್ಟೇ ಅಗ್ಗ ಆಗ್ಲಿ, ಎಷ್ಟೇ ಖಾಲಿ ಇರ್ಲಿ, ಅವನಿಗೆ ಅದು ಇದ್ದೂ ಇಲ್ಲದ ಹಾಗೆ. ಅವನು ಟೆಂಪೋ ಮಾಡ್ಕೊಂಡೇ ಹೋಗ್ತಾನೆ. ನಾಳೆ ಯಾರೋ ಆಫೀಸಲ್ಲಿ ಕೂತು ಲೆಕ್ಕ ತೆಗೆದ್ರೆ "ಶಿಡ್ಲಘಟ್ಟದಲ್ಲಿ ಟಿಕೆಟ್ಟೇ ಹೋಗಿಲ್ಲ" ಅಂತ ಕಾಣುತ್ತೆ, ಬೇಡಿಕೆ ಇಲ್ಲ ಅಂತ ಬರ್ಕೊಳ್ತಾರೆ. ಬೇಡಿಕೆ ಇತ್ತು, ಬೆಳಿಗ್ಗೆ ಇತ್ತು, ಆವಾಗ ಗಾಡಿ ಇರ್ಲಿಲ್ಲ ಅಷ್ಟೇ.

ಇನ್ನೊಂದು ವಿಷ್ಯಾನೂ ಮರೀಬಾರ್ದು. 2023ರ ಜೂನಿಂದ ಶಕ್ತಿ ಯೋಜನೇಲಿ ಹೆಣ್ಮಕ್ಕಳಿಗೆ ಸರ್ಕಾರಿ ಬಸ್ಸು ಫ್ರೀ. ಮೊದ್ಲು ರೈಲು ಅಗ್ಗ ಅಂತ ಒಂದು ಕಾರಣ ಇತ್ತು, ಹೆಣ್ಮಕ್ಕಳ ಮಟ್ಟಿಗೆ ಈಗ ಆ ಕಾರಣ ಹೋಯ್ತು. ಅದು ಒಳ್ಳೇದೇ ಆಯ್ತು, ಅದರ ಬಗ್ಗೆ ನನಗೆ ಎರಡು ಮಾತಿಲ್ಲ. ಆದ್ರೆ ಇನ್ಮೇಲೆ ಲೋಕಲ್ ರೈಲು ಗೆಲ್ಬೇಕಂದ್ರೆ ದುಡ್ಡಿನ ಮೇಲೆ ಆಗಲ್ಲ, ಟೈಮಿನ ಮೇಲೆ ಗೆಲ್ಬೇಕು, ಕೂರೋಕೆ ಸೀಟು ಸಿಗುತ್ತೆ, ಟ್ರಾಫಿಕ್ ಇಲ್ಲ ಅನ್ನೋದರ ಮೇಲೆ ಗೆಲ್ಬೇಕು.

ನಿಮ್ಮ ಪಕ್ಕದಲ್ಲೇ ಇದಕ್ಕೆ ಉಲ್ಟಾ ಉದಾಹರಣೆ ಇದೆ. ಬಂಗಾರಪೇಟೆಯಿಂದ ಕೆಜಿಎಫ್ ಮಾರಿಕುಪ್ಪಂಗೆ ಹೋಗೋ ಪುಟ್ಟ ಲೈನ್, ಹಾಕಿದ್ದು ಚಿನ್ನದ ಗಣಿಗೋಸ್ಕರ. 2001ರ ಫೆಬ್ರವರಿ ಕೊನೇಲಿ ಗಣಿ ಮುಚ್ಚಿತು. ಗಣಿಗೋಸ್ಕರ ಹಾಕಿದ ಲೈನು, ಗಣಿ ಜೊತೆಗೇ ಮುಚ್ಬೇಕಿತ್ತು ಅಲ್ವಾ? ಮುಚ್ಚಲಿಲ್ಲ. ಯಾಕಂದ್ರೆ ಅಲ್ಲಿಂದ ಬೆಳಿಗ್ಗೆ ಬೆಂಗಳೂರಿಗೆ ನೇರ ಗಾಡಿ ಇದೆ, ರಾತ್ರಿ ವಾಪಸ್ ಇದೆ. ಕೆಲಸ ಕಳ್ಕೊಂಡ ಮನೆಗಳ ಮಕ್ಕಳು ಸಾವಿರಾರು ಜನ ಕತ್ತಲಲ್ಲೇ ಎದ್ದು ಬುತ್ತಿ ಕಟ್ಕೊಂಡು ಆ ರೈಲು ಹತ್ತಿ ಬೆಂಗಳೂರಲ್ಲಿ ದುಡಿದು ರಾತ್ರಿ ಊರಿಗೆ ಬರ್ತಾರೆ, ಆ ಊರು ಇವತ್ತೂ ಊರಾಗಿ ಉಳಿದಿದ್ರೆ ಅದರಲ್ಲಿ ಆ ರೈಲಿನ ಪಾಲು ದೊಡ್ಡದು. ಮೊದ್ಲು ಎರಡೂ ಒಂದೇ ಕೋಲಾರ ಜಿಲ್ಲೆ, ಅಂಥದೇ ಜನ, ವ್ಯತ್ಯಾಸ ಇರೋದು ಟೈಮ್‌ಟೇಬಲ್ಲಲ್ಲಿ. ಹಾಗಾಗಿ ನೀವು ಅರ್ಜಿ ಬರೆಯೋವಾಗ "ನಮಗೆ ರೈಲು ಬೇಕು" ಅಂತ ಬರೀಬೇಡಿ. ಚಿಂತಾಮಣಿಯಿಂದ ಬೆಳಿಗ್ಗೆ ಇಷ್ಟು ಗಂಟೆಗೆ ಬಿಟ್ಟು ಯಲಹಂಕ ಇಷ್ಟರೊಳಗೆ ಮುಟ್ಬೇಕು, ಸಾಯಂಕಾಲ ಇಷ್ಟು ಗಂಟೆ ಮೇಲೆ ವಾಪಸ್ ಬಿಡ್ಬೇಕು ಅಂತ ಗಂಟೆ ಹಾಕಿ ಬರೀರಿ.

ಪ್ರಶ್ನೆ: ನಮಸ್ಕಾರ್ರೀ ಸರ. ನಮ್ದು ಅಳ್ನಾವರ ಹತ್ರ ಹಳ್ಳಿ. ಅಳ್ನಾವರ–ದಾಂಡೇಲಿ ಲೈನ್‌ದಾಗ ಎಷ್ಟೋ ವರ್ಷ ಪ್ಯಾಸೆಂಜರ್ ಗಾಡಿ ಇದ್ದಿಲ್ಲ. 2019ರಾಗ ಧಾರವಾಡದಿಂದ ದಾಂಡೇಲಿ ಹತ್ರದ ಅಂಬೇವಾಡಿತನ ಗಾಡಿ ಬಿಟ್ರು, ಖುಷಿ ಆತು, ನಾಕೈದು ತಿಂಗಳಾಗೂದ್ರಾಗ ಕೊರೊನಾ ಬಂದು ನಿಂತು. ಹಿಂಗ ಒಮ್ಮಿ ಚಾಲೂ ಆದ ಗಾಡಿ ಉಳಸ್ಕೊಳ್ಳೂದು ಹ್ಯಾಂಗ್ರಿ? ಮಂದಿ ಕೈಯಾಗ ಏನರ ಐತೇನು?
(ಅಳ್ನಾವರ ಭಾಗದ ಓದುಗರು)

ಉತ್ತರ: ಐತ್ರಿ, ಭಾಳ ಐತಿ. ನಿಮ್ಮ ಲೈನು ಕಾಡಿನ ಮರ ಸಾಗ್ಸೋಕೆ ಅಂತ ಬ್ರಿಟಿಷರ ಕಾಲದಲ್ಲಿ ಹಾಕಿದ್ದು, ಆಮೇಲೆ 1955ರಲ್ಲಿ ಕಟ್ಟಿದ ಕಂಪನಿಯ ಪೇಪರ್ ಮಿಲ್ ದಾಂಡೇಲಿಗೆ ಬಂದ ಮೇಲೆ ಊರೇ ಬೆಳೀತು. ಅಂದ್ರೆ ಮೊದಲಿಂದನೂ ಸಾಮಾನಿಗೆ ಮೊದಲ ಮರ್ಯಾದೆ, ಜನಕ್ಕೆ ಆಮೇಲೆ. 2019ರ ನವೆಂಬರಲ್ಲಿ ಮತ್ತೆ ಪ್ಯಾಸೆಂಜರ್ ಬಂದಿದ್ದು ಅದಕ್ಕೇ ಅಷ್ಟು ದೊಡ್ಡ ವಿಷ್ಯ. 2020ರ ಮಾರ್ಚಲ್ಲಿ ನಿಂತಿದ್ದು ನಿಮ್ಮ ಗಾಡಿ ಒಂದೇ ಅಲ್ಲ, ಇಡೀ ದೇಶದ ಪ್ಯಾಸೆಂಜರ್ ಗಾಡಿಗಳೆಲ್ಲ ನಿಂತ್ವು. ಆದ್ರೆ ಮತ್ತೆ ಬಿಡೋವಾಗ ದೊಡ್ಡ ಎಕ್ಸ್‌ಪ್ರೆಸ್‌ಗಳು ಮೊದ್ಲು ಬಂದ್ವು, ಸಣ್ಣ ಲೈನಿನ ಗಾಡಿಗಳು ಕೊನೇಗೆ. ಬಂದ ಪ್ಯಾಸೆಂಜರ್‌ಗಳೂ ಎಕ್ಸ್‌ಪ್ರೆಸ್ ಸ್ಪೆಷಲ್ ಅಂತ ಹೆಸರಿಟ್ಕೊಂಡು ಬಂದ್ವು, 10 ರೂಪಾಯಿ ಇದ್ದ ಕನಿಷ್ಠ ಟಿಕೆಟ್ 30 ಆಯ್ತು, ಮತ್ತೆ 10ಕ್ಕೆ ಇಳೀಬೇಕಾದ್ರೆ 2024ರ ಫೆಬ್ರವರಿ ಬಂತು. ಪಕ್ಕದ ಸಂತೆಗೆ ಹೋಗೋ ಅಜ್ಜಿಗೆ ಆ 20 ರೂಪಾಯಿ ಸಣ್ಣದಲ್ಲ. ಅಷ್ಟು ವರ್ಷದಲ್ಲಿ ಬೇರೆ ದಾರಿ ರೂಢಿ ಆದೋರನ್ನ ಮತ್ತೆ ಸ್ಟೇಷನ್‌ಗೆ ಕರ್ಕೊಂಡು ಬರೋದು ಕಷ್ಟ.

ಮಂದಿ ಕೈಯಲ್ಲಿ ಇರೋದು ಏನು ಅಂದ್ರೆ, ಮೊದಲನೇದು ಟಿಕೆಟ್. ಸಣ್ಣ ಸ್ಟೇಷನಲ್ಲಿ ಚೆಕ್ ಮಾಡೋರು ಯಾರೂ ಇರಲ್ಲ ಅಂತ ಹಂಗೇ ಹತ್ತೋರನ್ನ ನಾನು ಎಷ್ಟೋ ಸಲ ನೋಡಿದೀನಿ, ಕೇಳಿದ್ರೆ "ಎರಡು ಸ್ಟೇಷನ್ ಅಷ್ಟೇ ಅಲ್ಲೇನು" ಅಂತಾರೆ. ಅಣ್ಣಾ, ಆ ಎರಡು ಸ್ಟೇಷನ್ ಟಿಕೆಟ್ಟೇ ನಿಮ್ಮ ಗಾಡಿಯ ಉಸಿರು. ಗಾಡೀಲಿ ನಿಜವಾಗ್ಲೂ ಎಷ್ಟು ಜನ ಕೂತಿದ್ರು ಅಂತ ಯಾರೂ ತಲೆ ಎಣಿಸಲ್ಲ, ಆ ಸ್ಟೇಷನಿಂದ ಎಷ್ಟು ಟಿಕೆಟ್ ಹೋಯ್ತು ಅಂತ ಎಣಿಸ್ತಾರೆ. ಹಾಲ್ಟ್ ಅಂದ್ರೆ ಗಾಡಿ ಬರೀ ನಿಂತು ಹೋಗೋ ಪುಟ್ಟ ಸ್ಟೇಷನಲ್ಲಿ ಟಿಕೆಟ್ ಕೊಡೋ ಏಜೆಂಟ್ ರೈಲ್ವೆ ನೌಕರ ಅಲ್ಲ, ಮಾರಿದ ಟಿಕೆಟ್ ಮೇಲೆ ಕಮಿಷನ್ ತಗೊಳ್ಳೋ ಊರಿನ ಮನುಷ್ಯ, ನೀವು ತಗೊಂಡ್ರೆ ಅವರಿಗೂ ಹೊಟ್ಟೆಪಾಡು. ದಿನಾ ಓಡಾಡೋರು ತಿಂಗಳ ಪಾಸು ಮಾಡ್ಸಿ, 150 ಕಿಲೋಮೀಟರ್ ತನಕ ಸಿಗುತ್ತೆ, ದಿನಾ ಟಿಕೆಟ್ ತಗೊಳ್ಳೋದಕ್ಕಿಂತ ಎಷ್ಟೋ ಅಗ್ಗ, ಮೇಲಾಗಿ ಇಷ್ಟು ಜನ ದಿನಾ ಬರ್ತಾರೆ ಅನ್ನೋದಕ್ಕೆ ಅದಕ್ಕಿಂತ ಗಟ್ಟಿ ಸಾಕ್ಷಿ ಇಲ್ಲ.

ಎರಡನೇದು, ಪ್ರತಿ ಡಿವಿಜನ್‌ನಲ್ಲೂ ರೈಲ್ವೆ ಬಳಕೆದಾರರ ಸಲಹಾ ಸಮಿತಿ ಅಂತ ಇರುತ್ತೆ, ವ್ಯಾಪಾರಿ ಸಂಘ, ಗ್ರಾಹಕರ ಸಂಘ, ಜನಪ್ರತಿನಿಧಿಗಳ ಕಡೆಯಿಂದ ಜನ ಇರ್ತಾರೆ. ನಿಮ್ಮ ಭಾಗಕ್ಕೆ ಹುಬ್ಬಳ್ಳಿ ಡಿವಿಜನ್. ಅದರಲ್ಲಿ ನಿಮ್ಮ ಕಡೆಯೋರು ಯಾರು ಅಂತ ತಿಳ್ಕೊಂಡು ಅವರ ಕೈಗೆ ಲೆಕ್ಕ ಕೊಡಿ. ನಮ್ಮ ಊರಿಂದ ಧಾರವಾಡದ ಕಾಲೇಜಿಗೆ ಹೋಗೋ ಹುಡುಗ್ರು ಇಷ್ಟು, ಆಸ್ಪತ್ರೆಗೆ ಹೋಗೋರು ಇಷ್ಟು, ಕೂಲಿಗೆ ಹೋಗೋರು ಇಷ್ಟು, ಇಂಥ ಗಂಟೆಗೆ ಅಂತ. ಶಾಲೆ ಮೇಷ್ಟ್ರು ಒಬ್ರು ಮನಸ್ಸು ಮಾಡಿದ್ರೆ ಎರಡು ಭಾನುವಾರದ ಕೆಲ್ಸ ಇದು. ಭಾಷಣ ಇರೋ ಮನವಿಗಿಂತ ಈ ಪಟ್ಟಿಗೆ ಬೆಲೆ ಜಾಸ್ತಿ.

ಪ್ರಶ್ನೆ: ಹಳಿ ಇದೆ, ಗೂಡ್ಸ್ ಗಾಡಿ ಓಡ್ತದೆ, ಹಂಗಿದ್ಮೇಲೆ ಅದೇ ಹಳಿ ಮೇಲೆ ನಾಕು ಡಬ್ಬಿ ಪ್ಯಾಸೆಂಜರ್ ಬಿಡೋಕೆ ಏನು ಕಷ್ಟ? ಕೇಳಿದ್ರೆ ಸೇಫ್ಟಿ ಸೇಫ್ಟಿ ಅಂತಾರೆ.
(ಸಕಲೇಶಪುರದ ಓದುಗರು)

ಉತ್ತರ: ಸಿಟ್ಟು ಅರ್ಥ ಆಗುತ್ತೆ, ನಿಮ್ಮೂರಿನೋರಿಗೆ ಈ ಸಿಟ್ಟು ಇರೋಕೆ ಪೂರ್ತಿ ಹಕ್ಕಿದೆ. ಹಾಸನ–ಮಂಗಳೂರು ಲೈನ್ 1996ರಲ್ಲಿ ಗೇಜ್ ಬದಲಾವಣೆಗೆ ಅಂತ ಮುಚ್ಚಿದ್ದು. ಗೂಡ್ಸ್ ಬಂದಿದ್ದು 2006ರ ಮೇನಲ್ಲಿ. ಜನ ಹತ್ತೋ ರೈಲು ಬಂದಿದ್ದು 2007ರ ಡಿಸೆಂಬರಲ್ಲಿ. ಹನ್ನೊಂದು ವರ್ಷ! ಲೈನ್ ಮುಚ್ಚಿದಾಗ ಒಂದನೇ ಕ್ಲಾಸಲ್ಲಿದ್ದ ಮಗು ಕಾಲೇಜು ಮೆಟ್ಟಿಲು ಹತ್ತೋ ಹೊತ್ತಿಗೆ ರೈಲು ಬಂತು.

ಆದ್ರೂ ಸೇಫ್ಟಿ ಅನ್ನೋದು ನೆಪ ಅಲ್ಲ. ಯಾವುದೇ ಲೈನ್ ಜನಕ್ಕೆ ತೆರೀಬೇಕಾದ್ರೆ 1989ರ ರೈಲ್ವೆ ಕಾಯ್ದೆ ಪ್ರಕಾರ ರೈಲ್ವೆ ಸುರಕ್ಷತಾ ಆಯುಕ್ತರು ಬಂದು ನೋಡಿ ಒಪ್ಪಬೇಕು. ಆ ಆಯುಕ್ತರು ರೈಲ್ವೆ ಸಚಿವಾಲಯದ ಕೆಳಗೆ ಬರಲ್ಲ, ವಿಮಾನಯಾನ ಸಚಿವಾಲಯದ ಕೆಳಗೆ ಬರ್ತಾರೆ, ಲೈನ್ ಹಾಕಿದೋರೇ ಸರ್ಟಿಫಿಕೇಟ್ ಕೊಟ್ಕೊಬಾರ್ದು ಅಂತ ಹಂಗೆ ಇಟ್ಟಿದಾರೆ, ಅದು ಸರಿಯಾದ ಏರ್ಪಾಡು. ಅವರು ಮೋಟಾರ್ ಟ್ರಾಲೀಲಿ ಕೂತ್ಕೊಂಡು ಲೈನುದ್ದಕ್ಕೂ ಹೋಗ್ತಾರೆ, ಸೇತುವೆ ಹತ್ರ ಇಳೀತಾರೆ, ಜಲ್ಲಿ ಎಷ್ಟು ದಪ್ಪ ಇದೆ ಅಂತ ಅಗೆದು ನೋಡಿಸ್ತಾರೆ, ಆಮೇಲೆ ಗಾಡಿ ಓಡಿಸಿ ವೇಗ ನೋಡ್ತಾರೆ. ನಿಮ್ಮ ಸಕಲೇಶಪುರ–ಸುಬ್ರಹ್ಮಣ್ಯ ರೋಡ್ ಮಧ್ಯ 55 ಕಿಲೋಮೀಟರಲ್ಲಿ 57 ಸುರಂಗ, ಐವತ್ತು ಅಡಿ ಹೋದ್ರೆ ಒಂದು ಅಡಿ ಇಳಿಜಾರು, ಮಳೆಗಾಲ ಬಂತಂದ್ರೆ ಮೇಲಿಂದ ಬಂಡೆ, ಮಣ್ಣು. ಅಲ್ಲಿ ಗೂಡ್ಸ್ ಹಳಿ ತಪ್ಪಿದ್ರೆ ಸಾಮಾನು ಹೋಗುತ್ತೆ, ಪ್ಯಾಸೆಂಜರ್ ತಪ್ಪಿದ್ರೆ ಜೀವ ಹೋಗುತ್ತೆ.

ಬಯಲುಸೀಮೆ ಲೈನಲ್ಲಿ ಗುಡ್ಡದ ಭಯ ಇಲ್ಲ, ಅಲ್ಲಿ ಗೇಟಿನ ತಲೆನೋವು. ಗೇಟ್‌ಮನ್ ಇಲ್ಲದ ಲೆವೆಲ್ ಕ್ರಾಸಿಂಗ್‌ಗಳನ್ನ ಬ್ರಾಡ್‌ಗೇಜ್ ಲೈನುಗಳಲ್ಲಿ 2019ರ ಜನವರಿಯೊಳಗೆ ಪೂರ್ತಿ ತೆಗೆದ್ರು. ಹಾಗಾಗಿ ಹಳೇ ಲೈನ್ ತೆರೆಯೋವಾಗ ಹೊಲದ ದಾರಿ ದಾಟೋ ಪ್ರತಿ ಜಾಗಕ್ಕೂ ಒಂದೋ ಆಳು ಇಡ್ಬೇಕು, ಇಲ್ಲಾ ಅಂಡರ್‌ಪಾಸ್ ಕಟ್ಬೇಕು. ಅಂಡರ್‌ಪಾಸ್ ಕಟ್ತಾರೆ, ನೀರು ಹೋಗೋಕೆ ದಾರಿ ಬಿಡಲ್ಲ, ಒಂದು ಮಳೆ ಬಂದ್ರೆ ಎದೆಮಟ್ಟ ನೀರು, ಎತ್ತಿನ ಗಾಡಿ ಎರಡು ಮೈಲಿ ಸುತ್ಕೊಂಡು ಹೋಗ್ಬೇಕು. ನಿಮ್ಮೂರ ಲೈನ್ ಕೆಲ್ಸ ನಡೀತಿದ್ರೆ ಬೇರೆ ಏನು ಕೇಳ್ದಿದ್ರೂ ಪರ್ವಾಗಿಲ್ಲ, ಆ ಅಂಡರ್‌ಪಾಸಿನ ನೀರು ಎಲ್ಲಿಗೆ ಹೋಗುತ್ತೆ ಅಂತ ಈಗ್ಲೇ ಕೇಳಿ, ಕಾಂಕ್ರೀಟ್ ಹಾಕಿದ ಮೇಲೆ ಕೇಳಿದ್ರೆ ಉಪಯೋಗ ಇಲ್ಲ.

ಪ್ರಶ್ನೆ: ಶಿವಮೊಗ್ಗ–ತಾಳಗುಪ್ಪ ಮಧ್ಯೆ ರೈಲ್‌ಬಸ್ ಓಡ್ತಿತ್ತು ಅಂತ ಅಪ್ಪಯ್ಯ ಹೇಳ್ತ್ರು. ಹಂಗಂದ್ರೆ ಎಂಥದು? ಮುಚ್ಚಿದ ಲೈನ್‌ಗಳಲ್ಲಿ ಈಗ ಅದನ್ನೇ ಬಿಟ್ರೆ ಆಗ್ದಾ?
(ಸಾಗರದ ಓದುಗರು)

ಉತ್ತರ: ಬಸ್ಸಿನ ಥರದ್ದೇ ಒಂದೇ ಡಬ್ಬಿ, ಎಂಜಿನ್ ಅದರಲ್ಲೇ, ಚಕ್ರ ಮಾತ್ರ ಹಳಿ ಮೇಲೆ. ಮೀಟರ್‌ಗೇಜ್ (ಒಂದು ಮೀಟರ್ ಅಗಲದ ಹಳಿ) ಕಾಲದ ಕೊನೇ ವರ್ಷಗಳಲ್ಲಿ ನಿಮ್ಮ ಲೈನನ್ನ ಜೀವಂತ ಇಟ್ಟಿದ್ದು ಅದೇ, ಅದಿಲ್ದಿದ್ರೆ ಲೈನೇ ಬೇಡ ಅಂತ ಕಿತ್ತು ಹಾಕಿದ್ರೂ ಕೇಳೋರಿರ್ಲಿಲ್ಲ. ಆದ್ರೆ ಮತ್ತೆ ಅದನ್ನೇ ಕೇಳಬೇಡಿ. 2011ರಲ್ಲಿ ಬ್ರಾಡ್‌ಗೇಜ್ ತಾಳಗುಪ್ಪ ಮುಟ್ಟಿದ ಮೇಲೆ ಏನಾಯ್ತು ನೋಡಿ, ಸಾಗರದಲ್ಲಿ ಹತ್ತಿ ಕೂತ್ರೆ ಎಲ್ಲೂ ಇಳೀದೆ ಬೆಂಗಳೂರು, ಮೈಸೂರು ಮುಟ್ತೀರ. ಸಣ್ಣ ಲೈನ್ ಬದುಕೋದೇ ಹಂಗೆ. ಒಂದು ತುದಿಯಿಂದ ಇನ್ನೊಂದು ತುದಿಗೆ ಅಲ್ಲಲ್ಲೇ ಓಡಾಡೋ ಗಾಡಿಗೆ ಜನ ಕಮ್ಮಿ, ಜಂಕ್ಷನ್‌ನಲ್ಲಿ ಗಂಟುಮೂಟೆ ಹೊತ್ಕೊಂಡು ಮೇಲ್ಸೇತುವೆ ಹತ್ತಿ ಇಳಿದು ಒಂದು ಗಂಟೆ ಕಾಯೋಕೆ ಯಾರಿಗೂ ಇಷ್ಟ ಇಲ್ಲ. ಹೊಸಪೇಟೆ–ಕೊಟ್ಟೂರು ಹಳೇ ಲೈನೂ ಹಂಗೇ, ಕೊಟ್ಟೂರಲ್ಲೇ ಮುಗೀತಿದ್ದಾಗ ಅದು ಮೂಲೆಗೆ ಬಿದ್ದಿತ್ತು, ಕೊಟ್ಟೂರಿಂದ ಹರಿಹರಕ್ಕೆ ಹೊಸ ಹಳಿ ಸೇರಿಸಿದ ಮೇಲೆ 2019ರಲ್ಲಿ ಹೊಸಪೇಟೆ–ಹರಿಹರ ಪ್ಯಾಸೆಂಜರ್ ಬಂತು, ಆಮೇಲೆ ಅದಕ್ಕೆ ಎರಡು ಕಡೆನೂ ಬಾಗ್ಲು.

ಪ್ರಶ್ನೆ: ನಮ್ಮ ಹೊಲದ ಪಕ್ಕ ಹಳೇ ರೈಲು ದಾರಿ ಇದೆ, ಹಳಿ ಯಾವಾಗ್ಲೋ ಕಿತ್ಕೊಂಡು ಹೋದ್ರು. ನಾವು ಅದರಲ್ಲಿ ರಾಗಿ, ಹುರುಳಿ ಹಾಕ್ತಿದೀವಿ. ಮತ್ತೆ ರೈಲು ಬರುತ್ತೆ ಅಂತಿದಾರೆ. ಆ ಜಾಗ ನಮಗೆ ಉಳಿಯುತ್ತಾ?
(ಹೆಸರು ಬೇಡ ಅಂದಿರೋ ಓದುಗರು)

ಉತ್ತರ: ಉಳಿಯೋದು ಕಷ್ಟ, ಸುಳ್ಳು ಭರವಸೆ ಕೊಡಲ್ಲ. ಹಳಿ ಕಿತ್ರೂ ಜಾಗ ರೈಲ್ವೇದೇ, ಬದೂಲಿ ಗಡಿ ಕಲ್ಲು ಇನ್ನೂ ಇರ್ಬೇಕು ನೋಡಿ. 1971ರ ಸಾರ್ವಜನಿಕ ಕಟ್ಟಡ, ಜಾಗಗಳ ಕಾಯ್ದೇಲಿ ನೋಟಿಸ್ ಕೊಟ್ಟು ತೆರವು ಮಾಡಿಸ್ತಾರೆ. ಪೈರು ಕಟಾವಿಗೆ ಬಂದಿದ್ರೆ ಕೊಯ್ಯೋ ತನಕ ಟೈಮ್ ಕೊಡಿ ಅಂತ ಬರವಣಿಗೇಲಿ ಕೇಳಿ, ಬಾಯಲ್ಲಿ ಹೇಳಿ ಬಿಡಬೇಡಿ. ನಿಮ್ಮ ಪಹಣಿ ಜಾಗ ಎಲ್ಲಿಗೆ ಮುಗಿಯುತ್ತೆ ಅಂತ ಮೊದ್ಲೇ ಸರ್ವೆ ಮಾಡ್ಸಿಟ್ಕೊಳ್ಳಿ. ಯಾಕಂದ್ರೆ ಹಳಿ ಹಾಕೋವಾಗ ನಿಮ್ಮ ಸ್ವಂತ ಜಾಗದೊಳಗೆ ಮಣ್ಣು ಸುರಿದ್ರೆ ಆವಾಗ ಪರಿಹಾರ ನಿಮ್ಮ ಹಕ್ಕು.

ಪ್ರಶ್ನೆ: ನಾವು ಬೆಂಗಳೂರಲ್ಲಿ ಇರೋದು. ಮಕ್ಕಳಿಗೆ ಹಳೇ ಸಣ್ಣ ರೈಲ್ವೆ ಸ್ಟೇಷನ್ ತೋರಿಸ್ಬೇಕು ಅಂತ ಆಸೆ. ಹತ್ರದಲ್ಲಿ ಎಲ್ಲಿಗೆ ಕರ್ಕೊಂಡು ಹೋಗ್ಲಿ?
(ಯಲಹಂಕದ ಓದುಗರು)

ಉತ್ತರ: ಅಮ್ಮಾ, ನೀವು ಆ ಲೈನಿನ ಮೇಲೇ ಇದೀರ. ಯಲಹಂಕದಿಂದ ಚಿಕ್ಕಬಳ್ಳಾಪುರದ ಕಡೆ ಹೋಗೋ ಗಾಡಿ ಹತ್ತಿ. ದೊಡ್ಡಜಾಲ, ದೇವನಹಳ್ಳಿ, ಆವತಿಹಳ್ಳಿ, ನಂದಿ ಹಾಲ್ಟ್ ಇವೆಲ್ಲ ಚಿಕ್ಕ ರೈಲಿನ ಕಾಲದ ಸ್ಟೇಷನ್‌ಗಳು, ಕಲ್ಲಿನ ಗೋಡೆ, ಇಳಿಜಾರು ಮಾಡು. ದಾರೀಲಿ ವಿಮಾನ ನಿಲ್ದಾಣದ ಹಾಲ್ಟೂ ಸಿಗುತ್ತೆ, ಅದು 2021ರ ಜನವರೀಲಿ ಶುರುವಾದ ಹೊಸದು. ನೂರು ವರ್ಷದ ಹಳೇ ಸ್ಟೇಷನ್ನೂ ಅದೂ ಒಂದೇ ಲೈನಲ್ಲಿ ನೋಡಿದ್ರೆ ಮಕ್ಕಳು ತಾವೇ ಪ್ರಶ್ನೆ ಕೇಳ್ತಾರೆ. ನಂದಿ ಹಾಲ್ಟಲ್ಲಿ ಇಳಿದ್ರೆ ಎದುರಿಗೇ ಬೆಟ್ಟ. ಗಾಡಿಗಳು ಕಮ್ಮಿ, ಅದಕ್ಕೆ ವಾಪಸ್ ಬರೋ ಗಾಡಿ ಟೈಮ್ ನೋಡ್ಕೊಂಡೇ ಹೊರಡಿ. ಟಿಕೆಟ್ ಮಕ್ಕಳ ಕೈಯಲ್ಲೇ ತಗೊಳ್ಳಿಸಿ, ನಂದಿ ಹಾಲ್ಟಿಗೆ ಅಂತ ಹೆಸರು ಹೇಳಿ ಕೇಳಲಿ.